ಗಂಗಾಮೂಲದಲ್ಲಿ ಹುಟ್ಟಿದವಳು: ರಮಾಬಾಯಿ, ರಕ್ಷಣೆ ಮತ್ತು ನಮ್ಮ ಸಂಬಳ

  ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಈ ಕಡೆ ಕುರ್ಚಿ ಖಾಲಿ ಇದೆ. ನೈಟ್ ಶಿಫ್ಟ್ ಮುಗಿಸಿ ಮನೆಗೂ ಹೋಗದೆ ನೇರವಾಗಿ ಆರಾಧನೆಗೆ ಬಂದವರನ್ನು ಕರ್ತನು ಆಶೀರ್ವದಿಸಲಿ. ನಿದ್ದೆ ಬಂದರೆ ಪಕ್ಕದವರು ಮೆಲ್ಲಗೆ ಎಬ್ಬಿಸಿ, ಸಾಕು.

ಕೆಲವು ವಾರಗಳಿಂದ ನಾವು ಲೂಕನ ಸುವಾರ್ತೆಯನ್ನು ಧ್ಯಾನ ಮಾಡ್ತಾ ಇದ್ದೀವಿ. 18ನೇ ಅಧ್ಯಾಯದಲ್ಲಿ ಒಬ್ಬ ಐಶ್ವರ್ಯವಂತ ಬಂದು, ಆಸ್ತಿ ಬಿಡೋಕಾಗದೆ ವ್ಯಸನದಿಂದ ಹೊರಟುಹೋದ. 19ರಲ್ಲಿ ಜಕ್ಕಾಯ ಮರದಿಂದ ಇಳಿದು ಬಂದು ಅರ್ಧ ಆಸ್ತಿಯನ್ನು ಬಡವರಿಗೆ ಕೊಡ್ತೀನಿ ಅಂದ. ಕರ್ತನು ಅವನ ಮನೆಗೆ ಅದೇ ದಿನ ರಕ್ಷಣೆ ಬಂತು ಅಂದರು. ಕಳೆದ ವಾರ ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ನನ್ನನ್ನು ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಕೇಳಿದ: ಬ್ರದರ್, ಹಾಗಾದ್ರೆ ಜಕ್ಕಾಯ ಕೊಟ್ಟಿದ್ದಕ್ಕೆ ರಕ್ಷಣೆ ಸಿಕ್ತಾ, ರಕ್ಷಣೆ ಸಿಕ್ಕಿದ್ದಕ್ಕೆ ಕೊಟ್ಟನಾ? ಕೃಪೆಯಿಂದಲೇ ರಕ್ಷಣೆ ಅಂತ ಹೇಳ್ತೀರ, ಮತ್ತೆ ಪ್ರತಿ ವಾರ ಕಾಣಿಕೆ ಬಗ್ಗೆಯೂ ಹೇಳ್ತೀರ. ಎರಡೂ ಹೇಗೆ?

ಒಳ್ಳೆಯ ಪ್ರಶ್ನೆ. ಬೈಬಲ್ ಕಾಲೇಜಿನಲ್ಲಿ ಇದಕ್ಕೆ ನಾವು ಬರೆದ ಉತ್ತರ ನಾಲ್ಕು ಪುಟ ಇತ್ತು. ಇವತ್ತು ಆ ನಾಲ್ಕು ಪುಟ ಬೇಡ. ಒಂದು ಜೀವನ ಹೇಳ್ತೀನಿ. ಆ ಪ್ರಶ್ನೆಯ ಎರಡೂ ಕಡೆಯನ್ನು ಮೈಮೇಲೆ ಅನುಭವಿಸಿದ ಒಬ್ಬ ಹೆಣ್ಣುಮಗಳ ಜೀವನ, ಪಂಡಿತಾ ರಮಾಬಾಯಿಯವರದು. ನಿಮ್ಮಲ್ಲಿ ಹೆಚ್ಚಿನವರು ಶಾಲೆಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಒಂದು ಸಾಲು ಓದಿರ್ತೀರ: ಸಮಾಜ ಸುಧಾರಕಿ, ಶಾರದಾ ಸದನ, ಒಂದು ಮಾರ್ಕ್. 1989ರಲ್ಲಿ ಸರ್ಕಾರ ಅವರ ಅಂಚೆಚೀಟಿ ಕೂಡ ತಂದಿದೆ. ಆದರೆ ಅವರು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿ ಅಂತ ಎಷ್ಟು ಜನರಿಗೆ ಗೊತ್ತು? ನೀವು ವೀಕೆಂಡ್ ಬಂದ್ರೆ ಬಸ್ ಮಾಡ್ಕೊಂಡು ಕುದುರೆಮುಖ ಟ್ರೆಕ್ಕಿಂಗ್‌ಗೆ ಹೋಗ್ತೀರಲ್ಲ, ಅದೇ ಘಟ್ಟದಲ್ಲಿ ಗಂಗಾಮೂಲ ಅಂತ ಜಾಗ ಇದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋ ಕಾಡು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಆ ಕಾಡಿನಲ್ಲಿ.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಕಾರ್ಕಳ ಸೀಮೆಯ ಮಾಳದ ಕಡೆಯವರು, ಮನೆಮಾತು ಮರಾಠಿ, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ದೇವಭಾಷೆ ಕಲಿಸೋದು ಆ ಕಾಲದಲ್ಲಿ ತಪ್ಪು. ಜಾತಿಯವರು ಎದ್ದು ನಿಂತರು, ಪಂಡಿತರ ಮುಂದೆ ಉತ್ತರ ಕೊಡಬೇಕಾಯಿತು. ಶಾಸ್ತ್ರಿಗಳು ಬಗ್ಗಲಿಲ್ಲ. ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು, ಶಿಷ್ಯರನ್ನು ಇಟ್ಟುಕೊಂಡು ಪಾಠ ಹೇಳಿದರು. ರಮಾಗೂ ತಾಯಿಯೇ ಬೆಳಗಿನ ಜಾವ ಎಬ್ಬಿಸಿ ಶ್ಲೋಕ ಕಲಿಸಿದ್ದು. ಧೈರ್ಯ ಆ ಮನೆಯಲ್ಲೇ ಇತ್ತು, ಅದನ್ನು ಮರೆಯಬೇಡಿ.

ಈ ಶಾಸ್ತ್ರಿಗಳು ಕೈಬಿಚ್ಚಿ ಕೊಡುವ ಮನುಷ್ಯ. ಗಂಗಾಮೂಲ ತೀರ್ಥಸ್ಥಳ, ಯಾತ್ರಿಕರು ಬರ್ತಾನೇ ಇದ್ದರು. ಬಂದವರಿಗೆಲ್ಲ ಊಟ, ವಸತಿ. ಬರ್ತಾ ಬರ್ತಾ ಇದ್ದದ್ದೆಲ್ಲ ಅತಿಥಿಗಳಿಗೇ ಹೋಯಿತು, ಸಾಲ ಆಯಿತು. ರಮಾ ಆರು ತಿಂಗಳ ಕೂಸಿದ್ದಾಗ ಮನೆ ಬಿಟ್ಟರು. ಬೆತ್ತದ ಬುಟ್ಟಿಯಲ್ಲಿ ಮಗುವನ್ನು ಮಲಗಿಸಿ ಆಳಿನ ತಲೆಮೇಲೆ ಹೊರಿಸಿ ಘಟ್ಟ ಇಳಿದರು. ಅಲ್ಲಿಂದ ಮುಂದೆ ಆ ಸಂಸಾರಕ್ಕೆ ಮನೆ ಅನ್ನೋದೇ ಇಲ್ಲ. ತೀರ್ಥದಿಂದ ತೀರ್ಥಕ್ಕೆ ನಡೆದರು, ದೇವಸ್ಥಾನದ ಮಂಟಪದಲ್ಲಿ ಕೂತು ಪುರಾಣ ಓದಿದರು. ಕೇಳೋಕೆ ಬಂದವರು ಅಕ್ಕಿ, ಹಣ್ಣು, ಕಾಸು ಇಟ್ಟು ಹೋಗ್ತಿದ್ದರು. ಬಂದದ್ದರಲ್ಲಿ ಹೊಟ್ಟೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ದಾನ ಮಾಡ್ತಿದ್ದರು. ಪಾಪ ಪರಿಹಾರ ಆಗಬೇಕು, ಪುಣ್ಯ ಬರಬೇಕು, ದೇವರು ಒಲಿಯಬೇಕು ಅನ್ನೋ ಪೂರ್ಣ ನಂಬಿಕೆಯಿಂದ ಕೊಟ್ಟರು. ಒಡವೆ, ಬೆಳ್ಳಿ ಪಾತ್ರೆ, ಕೊನೆಗೆ ತಾಮ್ರದ ಪಾತ್ರೆಯೂ ಹೋಯಿತು.

ಇಲ್ಲಿ ಒಂದು ಮಾತು. ಬೇರೆ ನಂಬಿಕೆಯವರ ದಾನವನ್ನು ಕೇವಲವಾಗಿ ಮಾತಾಡೋ ಅಭ್ಯಾಸ ನಮ್ಮ ಕೆಲವು ವೇದಿಕೆಗಳಲ್ಲಿ ಇದೆ. ನನಗೆ ಅದು ಇಷ್ಟವಿಲ್ಲ. ರಮಾಬಾಯಿ ಕ್ರೈಸ್ತಳಾದ ಮೇಲೂ ತಂದೆಯನ್ನು ಒಂದು ದಿನ ಹೀಯಾಳಿಸಲಿಲ್ಲ, ಕೊನೆವರೆಗೂ ಗೌರವದಿಂದಲೇ ನೆನೆದರು. ಅಪೊಸ್ತಲರ ಕೃತ್ಯಗಳ 10ನೇ ಅಧ್ಯಾಯದಲ್ಲಿ ಕೊರ್ನೇಲ್ಯನನ್ನು ನೋಡಿ. ಯೇಸುವಿನ ವಿಷಯ ಕೇಳೋಕೆ ಮುಂಚೆಯೇ ಅವನ ದಾನಧರ್ಮಗಳು ದೇವರ ಗಮನಕ್ಕೆ ಬಂದಿದ್ದವು ಅಂತ ದೇವದೂತನೇ ಹೇಳ್ತಾನೆ. ಅಂಥ ಮನುಷ್ಯನಿಗೂ ಪೇತ್ರನನ್ನು ಕರೆಸಬೇಕಾಯಿತು, ಸುವಾರ್ತೆ ಬೇಕಾಯಿತು. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಕೇಳಿ.

1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಬರ ಬಂತು. ಜನರಿಗೇ ಅನ್ನ ಇಲ್ಲದಾಗ ಪುರಾಣ ಕೇಳೋರು ಯಾರು? ಕೂಲಿಗೆ ಹೋಗೋಣ ಅಂದರೆ ಶಾಸ್ತ್ರಿಗಳ ಮಕ್ಕಳಿಗೆ ಶಾಸ್ತ್ರ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ. ಭಿಕ್ಷೆ ಬೇಡೋಕೆ ಮಾನ ಬಿಡಲ್ಲ. ತಿರುಪತಿ ಹತ್ತಿರದ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡುಖರ್ಜೂರದಲ್ಲಿ ಬದುಕಿದರು. ಮುದಿ ತಂದೆ ಕಣ್ಣು ಕಾಣದ ಸ್ಥಿತಿಯಲ್ಲಿ, ಪುಷ್ಕರಣಿಗೆ ಹಾರಿ ಪ್ರಾಣ ಬಿಡ್ತೀನಿ ಅಂತ ನಿಶ್ಚಯ ಮಾಡಿದರು. ಮಗ ಶ್ರೀನಿವಾಸ ತಡೆದ, ನಾನು ಕೂಲಿ ಮಾಡ್ತೀನಿ ಅಂದ. ಆದರೂ ತಡವಾಗಿತ್ತು. ತಂದೆ ತೀರಿಕೊಂಡರು. ಸಾಯೋ ಮುಂಚೆ ಹದಿನಾರರ ಮಗಳನ್ನು ಅಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೀನಿ, ಅವನ ಸೇವೆಯನ್ನೇ ಮಾಡು ಅನ್ನೋ ಅರ್ಥದ ಮಾತು ಹೇಳಿದರಂತೆ.

ಆಮೇಲೆ ರಾಯಚೂರು. ಅಲ್ಲಿ ತಾಯಿ ಜ್ವರದಲ್ಲಿ ಮಲಗಿದ್ದಾಳೆ, ಮನೆಯಲ್ಲಿ ಕಾಳಿಲ್ಲ. ರಮಾ ಒಂದು ಮನೆಯ ಬಾಗಿಲಿಗೆ ಹೋಗಿ ನಿಂತಳು, ತಾಯಿಗೆ ಒಂದು ತುಂಡು ಸಜ್ಜೆ ರೊಟ್ಟಿ ಕೇಳೋಕೆ. ಬಾಯಿ ಬರಲಿಲ್ಲ. ಆ ಮನೆಯ ತಾಯಿಯೇ ಮುಖ ನೋಡಿ ಅರ್ಥ ಮಾಡಿಕೊಂಡು ರೊಟ್ಟಿ ಕೊಟ್ಟಳು. ರೊಟ್ಟಿ ತಂದಾಗ ತಾಯಿಗೆ ತಿನ್ನೋ ಶಕ್ತಿ ಉಳಿದಿರಲಿಲ್ಲ. ಹೆಣ ಹೊರೋಕೆ ನಾಲ್ಕು ಜನ ಸಿಗಲಿಲ್ಲ. ಇಬ್ಬರು ಬಂದರು, ಮೂರನೆಯವನು ಅಣ್ಣ, ನಾಲ್ಕನೆಯವಳು ರಮಾ. ಎತ್ತರ ಕಡಿಮೆ ಇದ್ದದ್ದರಿಂದ ಭುಜಕ್ಕೆ ಎಟುಕದೆ ಚಟ್ಟದ ತುದಿಯನ್ನು ತಲೆಮೇಲೆ ಇಟ್ಟುಕೊಂಡು ಮೈಲಿಗಟ್ಟಲೆ ನಡೆದಳು. ಅಕ್ಕ ಕೃಷ್ಣಾಬಾಯಿಯೂ ಹೆಚ್ಚು ದಿನ ಉಳಿಯಲಿಲ್ಲ, ಕಾಲರಾದಲ್ಲಿ ಹೋದಳು.

ಪ್ರಿಯರೇ, ಸ್ವಲ್ಪ ನಿಲ್ಲೋಣ. ಇಲ್ಲಿಂದ ಹೊರಗೆ ಹೋದರೆ ವರ್ತೂರು, ಗುಂಜೂರು ಕಡೆ ಹೊಸ ಅಪಾರ್ಟ್‌ಮೆಂಟ್‌ಗಳ ಪಕ್ಕದಲ್ಲಿ ನೀಲಿ ಶೀಟಿನ ಶೆಡ್‌ಗಳು. ನಿಂತು ಮಾತಾಡಿಸಿ. ಯಾವೂರು ಅಂದರೆ ರಾಯಚೂರು ಅಂತಾರೆ, ಯಾದಗಿರಿ ಅಂತಾರೆ, ಕಲಬುರಗಿ ಅಂತಾರೆ. ಮಳೆ ಹೋಯ್ತು ಅಣ್ಣ, ಬಂದ್ವಿ ಅಂತಾರೆ. ರಮಾಬಾಯಿ ನಡೆದ ದಾರಿ ಮುಗಿದ ದಾರಿ ಅಲ್ಲ. ಅದರ ಈ ತುದಿಯಲ್ಲಿ ನಮ್ಮ ಮನೆಗಳಿವೆ.

ಉಳಿದದ್ದು ಅಣ್ಣ ತಂಗಿ ಇಬ್ಬರೇ. ನಾಲ್ಕು ಸಾವಿರ ಮೈಲಿಗೂ ಹೆಚ್ಚು ನಡೆದರು. ಕೊಟ್ಟದ್ದೆಲ್ಲ ಕೊಟ್ಟಾಯಿತು, ಉಪವಾಸ ಮಾಡಿದ್ದೆಲ್ಲ ಮಾಡಾಯಿತು, ದೇವರು ಮಾತಾಡಲಿಲ್ಲವಲ್ಲ ಅನ್ನೋ ಪ್ರಶ್ನೆ ಕಾಲಿಗೆ ಕಟ್ಟಿದ ಕಲ್ಲಿನ ಹಾಗೆ ಜೊತೆಗೇ ಬಂತು. 1878ರಲ್ಲಿ ಕಲ್ಕತ್ತ ತಲುಪಿದರು. ಅಲ್ಲಿನ ವಿದ್ವಾಂಸರು ಈ ಹುಡುಗಿಯನ್ನು ಪರೀಕ್ಷೆ ಮಾಡಿ ಬೆರಗಾಗಿ ಪಂಡಿತಾ ಅಂತ, ಸರಸ್ವತಿ ಅಂತ ಬಿರುದು ಕೊಟ್ಟರು. ಕಲ್ಕತ್ತದಲ್ಲೇ ಮೊದಲ ಸಲ ಕ್ರೈಸ್ತರ ಕೂಟಕ್ಕೆ ಹೋದದ್ದು. ಅವರು ಕುರ್ಚಿಗಳ ಮುಂದೆ ಮೊಣಕಾಲೂರಿ ಪ್ರಾರ್ಥನೆ ಮಾಡೋದನ್ನು ನೋಡಿ, ಈ ಜನ ಕುರ್ಚಿಯನ್ನು ಪೂಜೆ ಮಾಡ್ತಾರೆ ಅಂದುಕೊಂಡರಂತೆ! ನಗಬೇಡಿ. ನಮ್ಮ ಆರಾಧನೆಗೆ ಮೊದಲ ಸಲ ಬಂದ ನಿಮ್ಮ ಆಫೀಸ್ ಫ್ರೆಂಡ್ ನಮ್ಮ ಸ್ಪೀಕರ್ ಬಾಕ್ಸ್ ಬಗ್ಗೆ ಏನು ಅಂದುಕೊಂಡನೋ ಯಾರಿಗೆ ಗೊತ್ತು.

ಬಂಗಾಳದಲ್ಲಿ ಧರ್ಮಶಾಸ್ತ್ರಗಳನ್ನು ಓದಿದಾಗ ಅವರನ್ನು ಅಲುಗಾಡಿಸಿದ್ದು ಒಂದು ವಿಷಯ: ಹೆಂಗಸಿಗೆ, ಕೆಳಜಾತಿಯವರಿಗೆ ನೇರವಾಗಿ ಮೋಕ್ಷದ ದಾರಿ ಅಲ್ಲಿ ಕಾಣಲಿಲ್ಲ. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅನ್ನೋ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು, ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನೂ ಕಾಲರಾಕ್ಕೆ ಬಲಿ. ಇಪ್ಪತ್ಮೂರು ವರ್ಷಕ್ಕೆ ವಿಧವೆ, ಕಂಕುಳಲ್ಲಿ ಕೂಸು. ಆದರೆ ಅಸ್ಸಾಮಿನ ಸಿಲ್ಚರ್‌ನ ಆ ಮನೆಯಲ್ಲಿ, ಗಂಡನ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿ ಭಾಷೆಯ ಒಂದು ಪುಟ್ಟ ಪುಸ್ತಕ ಸಿಕ್ಕಿತ್ತು. ಯಾವುದು ಹೇಳಿ? ಲೂಕನ ಸುವಾರ್ತೆ. ಇದೇ ಜಕ್ಕಾಯನ ಪುಸ್ತಕ. ಹಲ್ಲೆಲೂಯಾ!

ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಶುರು ಮಾಡಿದರು, ಸ್ತ್ರೀಧರ್ಮ ನೀತಿ ಅಂತ ಪುಸ್ತಕ ಬರೆದು ಅದರ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಬೇರೆಯವರ ಖರ್ಚಿನಲ್ಲಿ ಹೋಗಲಿಲ್ಲ, ಅದನ್ನು ಗಮನಿಸಿ. ಲಂಡನ್ನಿನಲ್ಲಿ ಕ್ರೈಸ್ತ ಸಹೋದರಿಯರು ನಡೆಸುತ್ತಿದ್ದ ಒಂದು ಮನೆಯನ್ನು ನೋಡಿದರು. ಸಮಾಜ ಹೊರಗೆ ಹಾಕಿದ್ದ, ಬೀದಿಗೆ ಬಿದ್ದ ಹೆಂಗಸರನ್ನು ಅಲ್ಲಿ ಮರ್ಯಾದೆಯಿಂದ ನೋಡಿಕೊಳ್ತಿದ್ದರು. ಯಾಕೆ ಹೀಗೆ ಅಂತ ಕೇಳಿದಾಗ ಒಬ್ಬ ಸಹೋದರಿ ಯೋಹಾನ 4ನೇ ಅಧ್ಯಾಯ ತೆಗೆದು ಸಮಾರ್ಯದ ಸ್ತ್ರೀಯ ಕಥೆ ಓದಿದರು. ಕರ್ತನು ಆ ಬಾವಿಯ ಹತ್ತಿರ ಕೂತು ಯಾರ ಜೊತೆ ಮಾತಾಡಿದನು ಅನ್ನೋದೇ ರಮಾಬಾಯಿಗೆ ಉತ್ತರ ಆಯಿತು. ಆ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ತಗೊಂಡರು.

ಇಲ್ಲಿಗೆ ರಕ್ಷಣೆ ಸಿಕ್ತು ಅಂತ ನಾವು ಆಮೆನ್ ಹೇಳಿ ಮುಂದೆ ಹೋಗ್ತೀವಿ. ಅವರು ಹಾಗೆ ಹೇಳಲ್ಲ. ಅಮೆರಿಕಕ್ಕೆ ಹೋದರು, ಹಿಂದೂ ವಿಧವೆಯರ ಸ್ಥಿತಿ ಬಗ್ಗೆ ಇಂಗ್ಲಿಷ್ ಪುಸ್ತಕ ಬರೆದರು, ಬಾಸ್ಟನ್‌ನಲ್ಲಿ ಜನ ಸಂಘ ಕಟ್ಟಿ ಹತ್ತು ವರ್ಷ ಹಣ ಕೊಡ್ತೀವಿ ಅಂತ ಮಾತು ಕೊಟ್ಟರು, 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ತೆರೆಯಿತು. ಎಷ್ಟು ದೊಡ್ಡ ಸೇವೆ! ಆದರೆ ಅವರೇ ಆಮೇಲೆ ಸಾಕ್ಷಿ ಬರೆದಿದ್ದು ಏನಂದರೆ, ಆ ಎಂಟು ವರ್ಷ ಅವರ ಕೈಯಲ್ಲಿದ್ದದ್ದು ಕ್ರಿಸ್ತನ ಧರ್ಮ, ಕ್ರಿಸ್ತನು ಅಲ್ಲ. ಪಾಪದ ಭಾರ ಹಾಗೇ ಇತ್ತು. ಹಸ್ಲಮ್ ಅನ್ನೋ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಅವರ ಕೈಗೆ ಬಂತು. ಈ ಮಹಾನುಭಾವರು ತಮ್ಮದೇ ಸಭೆಯಲ್ಲಿ ಪ್ರಸಂಗ ಮಾಡ್ತಾ ಮಾಡ್ತಾ, ಪ್ರಸಂಗ ಪೀಠದ ಮೇಲೇ ತಾವೇ ರಕ್ಷಣೆ ಹೊಂದಿದವರು. (ಪಾಸ್ಟರ್‌ಗಳಿಗೂ ಆಗಬಹುದು, ಪ್ರಾರ್ಥನೆ ಮಾಡಿ.) ಅದನ್ನು ಓದಿ, ವಾಕ್ಯ ಹುಡುಕಿ, 1891ರ ಹೊತ್ತಿಗೆ ರಮಾಬಾಯಿ ಯಾವ ಷರತ್ತೂ ಇಲ್ಲದೆ ತನ್ನನ್ನು ಕರ್ತನಿಗೆ ಒಪ್ಪಿಸಿಕೊಟ್ಟರು. ಅಪ್ಪ ಹಣ ಕೊಟ್ಟು, ಉಪವಾಸ ಮಾಡಿ, ನಡೆದು ನಡೆದು ಹುಡುಕಿದ್ದನ್ನು ಮಗಳು ಬರಿಗೈ ಚಾಚಿ ತಗೊಂಡಳು.

ಈಗ ನಮ್ಮ ಪಾರ್ಕಿಂಗ್ ತಮ್ಮನ ಪ್ರಶ್ನೆಗೆ ಬರೋಣ. ಎಲ್ಲ ಪುಕ್ಕಟೆ ಸಿಕ್ತಲ್ಲ, ಇನ್ನು ಕೊಡೋದೇನಿದೆ ಅಂತ ಸುಮ್ಮನೆ ಕೂತರಾ? ನೋಡಿ.

ಬಾಸ್ಟನ್ನಿನ ಹತ್ತು ವರ್ಷದ ಮಾತು ಮುಗಿಯೋ ಕಾಲ ಹತ್ತಿರ ಬಂತು. ರಮಾಬಾಯಿ ಬುದ್ಧಿವಂತೆ, ಮುಂದಾಲೋಚನೆ ಇದ್ದವರು. ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ನೂರು ಎಕರೆ ಒಣಭೂಮಿ ತಗೊಂಡು ಹಣ್ಣಿನ ತೋಟ ಮಾಡಿಸಿದರು. ಫಲದ ಆದಾಯದಿಂದ ಸದನ ನಡೆಯಲಿ ಅಂತ. ನಮ್ಮ ಭಾಷೆಯಲ್ಲಿ ಪ್ಯಾಸಿವ್ ಇನ್‌ಕಮ್. ಅದರಲ್ಲಿ ತಪ್ಪೇನೂ ಇಲ್ಲ. ಮ್ಯೂಚುವಲ್ ಫಂಡ್‌ನಲ್ಲಿ ಹಣ ಇಡೋದು ಪಾಪ ಅಂತ ನಾನು ಯಾವತ್ತೂ ಹೇಳಲ್ಲ. ಆದರೆ 1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಂತು ಅಂತ ಸುದ್ದಿ ಬಂದಾಗ ಅವರಿಗೆ ನೆನಪಾದದ್ದು ತಿರುಪತಿ ಕಾಡಿನ ಎಲೆ, ರಾಯಚೂರಿನ ರೊಟ್ಟಿ. ಬರದ ಹುಡುಗಿಯರನ್ನು ಸಾಕೋಕೆ ಬಾಸ್ಟನ್ನಿನವರ ಹಣ ಇರಲಿಲ್ಲ, ಅದು ಮೇಲ್ಜಾತಿ ವಿಧವೆಯರ ಶಾಲೆಗೆ ಬಂದದ್ದು. ಕೈಯಲ್ಲಿ ಏನೂ ಇಲ್ಲದೆ ಹೊರಟರು. ರಸ್ತೆ ಬದಿಯ, ಬರಪರಿಹಾರ ಕೇಂದ್ರಗಳ ಹುಡುಗಿಯರನ್ನು, ಹೆಣ್ಣು ಹಿಡಿಯೋ ದಲ್ಲಾಳಿಗಳ ಕೈಗೆ ಸಿಗೋ ಮುಂಚೆ ಕರಕೊಂಡು ಬಂದರು. ಮುನ್ನೂರು ಜನ. ಎಲ್ಲಿ ಇಡೋದು? ತೋಟದಲ್ಲಿ. ಆದಾಯಕ್ಕೆ ಅಂತ ಮಾಡಿದ ಜಮೀನಿನಲ್ಲಿ ಗುಡಿಸಲು ಎದ್ದವು. ಅದಕ್ಕೆ ಮುಕ್ತಿ ಅಂತ ಹೆಸರಿಟ್ಟರು. ರಕ್ಷಣೆ ಅಂತಲೇ ಅರ್ಥ.

ಬರಕ್ಕೆ ಸ್ವಲ್ಪ ಮುಂಚೆ ಲೋಣಾವಳದ ಕ್ಯಾಂಪ್ ಕೂಟದಲ್ಲಿ ಒಂದು ಬೆಳಿಗ್ಗೆ ಮರಗಳ ನಡುವೆ ಒಬ್ಬರೇ ಪ್ರಾರ್ಥನೆ ಮಾಡೋಕೆ ಹೋಗಿದ್ದರು. ತಮ್ಮ ಜೊತೆ ಕರ್ತನನ್ನು ನಂಬಿದ ಹುಡುಗಿಯರು ಆಗ ಹದಿನೈದು. ಇದನ್ನು ವರ್ಗ ಮಾಡಿ ಕೊಡಪ್ಪಾ ಅಂತ ಬೇಡಿದರು. ಹದಿನೈದರ ವರ್ಗ 225. ಗಣಿತ ಬರೋರಿಗೆ ಪ್ರಾರ್ಥನೆಯೂ ಗಣಿತದಲ್ಲೇ ಬರುತ್ತೆ. ಕೋಡ್ ಬರೆಯೋ ನೀವು ಯಾಕೆ ಇಷ್ಟು ಚಿಕ್ಕ ಪ್ರಾರ್ಥನೆ ಮಾಡ್ತೀರ? ಆ ಸಂಖ್ಯೆ ಆಮೇಲೆ ಅವರಿಗೆ ಸಾಲದೇ ಹೋಯಿತು. 1900ರ ಗುಜರಾತಿನ ಬರದಲ್ಲಿ ಸಾವಿರಕ್ಕೂ ಹೆಚ್ಚು ಹುಡುಗಿಯರು ಬಂದರು, ಮುಕ್ತಿಯಲ್ಲಿ ಎರಡು ಸಾವಿರದ ಹತ್ತಿರ ಬಾಯಿಗಳು. ಬ್ರಿಸ್ಟಲ್‌ನಲ್ಲಿ ಅನಾಥರನ್ನು ಸಾಕಿದ ಜಾರ್ಜ್ ಮುಲ್ಲರ್ ಅವರ ಜೀವನ ಓದಿದ್ದರು, ಹಾಗೇ ಮೊಣಕಾಲ ಮೇಲೆ ನಿಂತು ದಿನದ ಹಿಟ್ಟು ದಿನಕ್ಕೆ ಬೇಡಿ ನಡೆಸಿದರು.

ಆದರೆ ಅನ್ನ ಹಾಕಿ ಸುಮ್ಮನೆ ಕೂರಿಸಲಿಲ್ಲ. ಇದು ನನಗೆ ತುಂಬ ಹಿಡಿಸುವ ವಿಷಯ. ತನ್ನ ಅಪ್ಪನ ಮನೆಯಲ್ಲಿ ಎಲ್ಲರಿಗೂ ಶಾಸ್ತ್ರ ಗೊತ್ತಿತ್ತು, ಯಾರಿಗೂ ಕೈಕೆಲಸ ಗೊತ್ತಿರಲಿಲ್ಲ, ಹಸಿವೆಯಿಂದ ಸತ್ತರು. ಮುಕ್ತಿಯಲ್ಲಿ ಪ್ರತಿ ಹುಡುಗಿಗೂ ಓದಿನ ಜೊತೆ ಒಂದು ಕಸುಬು. ನೇಯ್ಗೆ, ಹೊಲಿಗೆ, ಹೈನು, ಗಾಣ, ಬೇಸಾಯ, ಅಚ್ಚುಕೂಟದಲ್ಲಿ ಮೊಳೆ ಜೋಡಿಸೋದು. ಕಣ್ಣಿಲ್ಲದ ಹುಡುಗಿಯರಿಗೆ ಮನೋರಮಾ ಬ್ರೈಲ್ ಕಲಿಸಿದಳು. ಮೋಸಹೋದ ಹೆಂಗಸರಿಗೆ ಕೃಪಾ ಸದನ ಅಂತ ಬೇರೆ ಮನೆ. ಲಂಡನ್ನಿನಲ್ಲಿ ನೋಡಿದ್ದನ್ನು ಮರೆತಿರಲಿಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ನಮ್ಮ ಅಕ್ಕಂದಿರಿಗೆ ಹಬ್ಬಕ್ಕೊಂದು ಸೀರೆ ಕೊಟ್ಟು ಫೋಟೋ ತೆಗೆಯೋದಕ್ಕಿಂತ, ಅವರ ಮಗಳ ಡಿಪ್ಲೊಮಾ ಫೀಸ್ ಮೂರು ವರ್ಷ ಕಟ್ಟೋದು ಕಷ್ಟ. ಫೋಟೋ ಚೆನ್ನಾಗಿ ಬರಲ್ಲ ಅದರಲ್ಲಿ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅನ್ನ ಕೊಟ್ಟು ಮತ ಬದಲಿಸ್ತಾಳೆ ಅನ್ನೋ ಆರೋಪ ಅವರ ಮೇಲೆ ಬಂತು. 1893ರಲ್ಲಿ ಶಾರದಾ ಸದನದ ಕೆಲವು ಹುಡುಗಿಯರು ಅವರ ಕೋಣೆಯ ಪ್ರಾರ್ಥನೆಗೆ ಬಂದು ಕೂರೋಕೆ ಶುರು ಮಾಡಿದಾಗ ರಾನಡೆ, ಭಂಡಾರ್ಕರ್ ಅಂಥ ದೊಡ್ಡವರು ಸಲಹಾ ಸಮಿತಿಗೆ ರಾಜೀನಾಮೆ ಕೊಟ್ಟರು, ಎಷ್ಟೋ ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿಯ ಉತ್ತರದ ಸಾರ ಇಷ್ಟೇ: ಯಾರನ್ನೂ ಬಲವಂತ ಮಾಡಲ್ಲ, ಆದರೆ ನನ್ನ ಪ್ರಾರ್ಥನೆಯ ಬಾಗಿಲು ಹಾಕಿಕೊಳ್ಳೋದೂ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅಕ್ಕಿ ಮೂಟೆಯ ಮೇಲೆ ಕರಪತ್ರ ಇಟ್ಟು, ಇದು ತಗೊಂಡರೆ ಅದು ಅನ್ನೋ ಹಾಗೆ ಕೊಡೋದು ದಾನವಲ್ಲ, ವ್ಯಾಪಾರ. ಅಕ್ಕಿಯನ್ನು ಅಕ್ಕಿಯಾಗಿ ಕೊಡಿ. ನಿಮ್ಮ ಸಾಕ್ಷಿ ಏನು ಅಂತ ಅವರೇ ಕೇಳಿದ ದಿನ ಹೇಳಿ, ನಾಚಿಕೊಳ್ಳಬೇಡಿ.

ನಾವು ಪೆಂಟೆಕೋಸ್ಟ್‌ನವರು ಅಜೂಸಾ ಬೀದಿ ಅಂದರೆ ಎದ್ದು ಕುಣಿಯುತ್ತೀವಿ. ಲಾಸ್ ಏಂಜಲೀಸ್, 1906. ಮುಕ್ತಿಯಲ್ಲಿ ಬೆಂಕಿ ಬಿದ್ದದ್ದು 1905ರ ಜೂನ್ ಕೊನೆಯಲ್ಲಿ, ಅಜೂಸಾಕ್ಕಿಂತ ಸುಮಾರು ಒಂಬತ್ತು ಹತ್ತು ತಿಂಗಳು ಮುಂಚೆ! ಆ ವರ್ಷದ ಜನವರಿಯಿಂದ ಹುಡುಗಿಯರು ದಿನಕ್ಕೆ ಎರಡು ಸಲ ಸೇರಿ ಪ್ರಾರ್ಥಿಸ್ತಿದ್ದರು. ಬರ್ತಾ ಬರ್ತಾ ಐನೂರಕ್ಕೂ ಹೆಚ್ಚು ಜನ ಆದರು. ಒಂದು ರಾತ್ರಿ ಒಬ್ಬ ಹುಡುಗಿಯ ಮೇಲೆ ಆತ್ಮನು ಇಳಿದಾಗ ಜೊತೆಯವಳು ಬೆಂಕಿ ಕಂಡು ಬಕೆಟ್ಟಿನಲ್ಲಿ ನೀರು ತರೋಕೆ ಓಡಿದಳು ಅಂತ ಬರೆದಿದ್ದಾರೆ. ಅಳು, ಪಾಪದ ಅರಿಕೆ, ಆಮೇಲೆ ಸಂತೋಷ, ಆಮೇಲೆ ಗುಂಪು ಗುಂಪಾಗಿ ಹಳ್ಳಿಗಳಿಗೆ ಸುವಾರ್ತೆ. ಮುಂದಿನ ವರ್ಷದ ಕೊನೆಗೆ ಅನ್ಯಭಾಷೆಯೂ ಬಂತು. ರಮಾಬಾಯಿ ಅದನ್ನು ತಡೆಯಲಿಲ್ಲ, ಎಲ್ಲರಿಗೂ ಇದೇ ಗುರುತು ಅಂತ ಹಠವನ್ನೂ ಹಿಡಿಯಲಿಲ್ಲ. ಅಲ್ಲಿದ್ದ ಮಿನ್ನಿ ಏಬ್ರಮ್ಸ್ ಅನ್ನೋ ಸೇವಕಿ ಬರೆದ ಪುಸ್ತಕ ದಕ್ಷಿಣ ಅಮೆರಿಕದ ಚಿಲಿಗೆ ಹೋಗಿ 1909ರಲ್ಲಿ ಅಲ್ಲಿ ಉಜ್ಜೀವನ ಹುಟ್ಟಿತು. ಇವತ್ತಿಗೂ ಚಿಲಿಯ ಪೆಂಟೆಕೋಸ್ಟ್ ಸಭೆಗಳು ಆ ಬೇರನ್ನು ನೆನೆಸ್ತವೆ.

ಆ ಬೆಂಕಿ ಬಿದ್ದದ್ದು ಯಾರ ಮೇಲೆ ಅಂತ ಸ್ವಲ್ಪ ಯೋಚನೆ ಮಾಡಿ. ಎಸಿ ಹಾಲ್, ಕಾನ್ಫರೆನ್ಸ್ ಟಿಕೆಟ್ ಇಲ್ಲ. ಬರದಲ್ಲಿ ಬದುಕಿ ಉಳಿದ ಅನಾಥ ಹುಡುಗಿಯರು, ಹಿಟ್ಟು ಬೀಸಿ ಬಟ್ಟೆ ಒಗೆದು ಬಂದು ಕೂತವರು. ನಮಗೆ ಉಜ್ಜೀವನ ಕೊಡು ಕರ್ತನೇ ಅಂತ ನಾವು ವರ್ಷಗಟ್ಟಲೆ ಹಾಡ್ತೀವಿ. ಒಂದು ಸಾವಿರ ಬಿತ್ತಿದರೆ ಲಕ್ಷ ಬರುತ್ತೆ, ಈ ತಿಂಗಳೊಳಗೆ ಪ್ರಮೋಷನ್ ಬರುತ್ತೆ ಅಂತ ಹೇಳೋ ವಿಡಿಯೋಗಳನ್ನು ಫಾರ್ವರ್ಡ್ ಮಾಡ್ತೀವಿ. ನನಗೆ ಅದನ್ನು ನೋಡಿದಾಗ ಅನಂತ ಶಾಸ್ತ್ರಿಗಳೇ ನೆನಪಾಗ್ತಾರೆ. ಪಾಪ, ಅವರಾದರೂ ಮೋಕ್ಷಕ್ಕೆ ಅಂತ ಕೊಟ್ಟರು. ನಾವು ಫ್ಲ್ಯಾಟಿನ ಡೌನ್ ಪೇಮೆಂಟ್‌ಗೆ ಕೊಡ್ತೀವಿ. ದೇವರ ಕೈ ತಿರುಗಿಸೋಕೆ ಕೊಡೋ ದುಡ್ಡಿಗೆ ಹೆಸರು ಬದಲಾಯಿಸಿದರೆ ಅದು ಕೃಪೆ ಆಗಲ್ಲ. ಪೌಲನು ಎರಡನೇ ಕೊರಿಂಥ 8ರಲ್ಲಿ ಹೊಗಳೋ ಮಕೆದೋನ್ಯದವರು ಕಡು ಬಡತನದಲ್ಲೇ ಕೊಟ್ಟರು. ಅವರಿಗೆ ತಿರುಗಿ ಏನು ಬಂತು ಅಂತ ಅವನು ಲೆಕ್ಕ ಬರೆಯಲಿಲ್ಲ. ಅದಕ್ಕೆ ಬದಲಾಗಿ ಅವನು ಎತ್ತೋ ವಿಷಯ ಕ್ರಿಸ್ತನು ನಮಗೋಸ್ಕರ ಬಡವನಾದದ್ದು.

ಜಕ್ಕಾಯನ ವಿಷಯವೂ ಇಷ್ಟೇ, ತಮ್ಮಾ. ಕರ್ತನು ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದದ್ದು ಮೊದಲು, ಇವತ್ತು ನಿನ್ನ ಮನೆಯಲ್ಲೇ ಇರ್ತೀನಿ ಅಂದದ್ದು ಮೊದಲು. ಅವನ ಕೈ ತೆರೆದದ್ದು ಆಮೇಲೆ. ಆದರೆ ಕೈ ತೆರೆಯದೇ ಹೋಗಿದ್ದರೆ ಕರ್ತನು ಮನೆಗೆ ಬಂದದ್ದು ಯೆರಿಕೋದವರಿಗೆ ಗೊತ್ತಾಗ್ತಾ ಇರಲಿಲ್ಲ.

ರಮಾಬಾಯಿ ಕೊನೆವರೆಗೂ ಬಿಳಿ ಹತ್ತಿ ಸೀರೆ, ಸಸ್ಯಾಹಾರ. ಬಡವರಿಗೆ ಅರ್ಥವಾಗೋ ಸರಳ ಮರಾಠಿಯಲ್ಲಿ ಬೈಬಲ್ ಇರಬೇಕು ಅಂತ ವಯಸ್ಸಾದ ಮೇಲೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಅನುವಾದ ಮಾಡಿದರು, ಮುಕ್ತಿಯ ಹುಡುಗಿಯರೇ ಮೊಳೆ ಜೋಡಿಸಿದರು. 1912ರ ಹೊತ್ತಿಗೆ ನಮ್ಮ ಗುಲ್ಬರ್ಗದಲ್ಲಿ ಒಂದು ಶಾಲೆ ತೆರೆದರು. ಆಗ ಅದು ನಿಜಾಮರ ಸೀಮೆ, ಶಾಲೆ ಅಪರೂಪ. ಮಗಳು ಮನೋರಮಾಳನ್ನೇ ಅದರ ಮುಖ್ಯಸ್ಥೆಯಾಗಿ ಕಳಿಸಿದರು. ತನ್ನ ತಾಯಿ ಹಸಿದು ಸತ್ತ ನಾಡಿನ ಪಕ್ಕದಲ್ಲೇ. ಒಬ್ಬಳೇ ಮಗಳು, ಮುಕ್ತಿಯನ್ನು ಮುಂದೆ ನಡೆಸಬೇಕಾದವಳು. 1921ರ ಜುಲೈನಲ್ಲಿ ಆ ಮಗಳು ನಲವತ್ತಕ್ಕೆ ತೀರಿಕೊಂಡಳು. ರಮಾಬಾಯಿಗೆ ಆಗಲೇ ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ, ಮೈಯಲ್ಲಿ ಶಕ್ತಿ ಇರಲಿಲ್ಲ. ಅಳ್ತಾ ಕೂರಲಿಲ್ಲ, ಬೈಬಲಿನ ಕರಡು ತಿದ್ದೋ ಕೆಲಸ ಉಳಿದಿತ್ತು, ಮುಗಿಸೋವರೆಗೆ ಉಸಿರು ಕೊಡು ಅಂತ ಬೇಡಿಕೊಂಡರು. ಕೊನೆಯ ಕರಡು ತಿದ್ದಿ ಮುಗಿಯಿತು. 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಕರ್ತನ ಹತ್ತಿರ ಹೋದರು. ಮುಕ್ತಿ ಇವತ್ತೂ ಕೇಡಗಾಂವ್‌ನಲ್ಲಿ ನಡೀತಾ ಇದೆ. ಪುಣೆ ಆಫೀಸಿಗೆ ಪ್ರಾಜೆಕ್ಟ್ ಕೆಲಸದ ಮೇಲೆ ಹೋಗೋರು ಒಂದು ಶನಿವಾರ ಟ್ರೈನ್ ಹಿಡಿದು ನೋಡಿ ಬನ್ನಿ.

ಸಂಗೀತದವರು ಮೆಲ್ಲಗೆ ನುಡಿಸಿ. ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ಅಪ್ರೈಸಲ್ ತಿಂಗಳು ಅಂತ ಗೊತ್ತು, ಪ್ರಾರ್ಥನಾ ವಿನಂತಿಯ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇದೆ, ಅದಕ್ಕೂ ಪ್ರಾರ್ಥಿಸ್ತೀವಿ. ಅದಕ್ಕೆ ಮುಂಚೆ ನಿಮ್ಮ ಬಿಲ್ಡಿಂಗ್ ಗೇಟಿನಲ್ಲಿ ರಾತ್ರಿ ಕೂರೋ ಅಣ್ಣನ ಹೆಸರು, ನಿಮ್ಮ ಫ್ಲೋರ್ ಒರೆಸೋ ಅಕ್ಕನ ಹೆಸರು ನೆನಪು ಮಾಡಿಕೊಳ್ಳಿ. ಹೆಸರು ಗೊತ್ತಿಲ್ಲದವರು ನಾಳೆ ಕೇಳಿ ತಿಳ್ಕೊಳ್ಳಿ. ಗೊತ್ತಿರೋರು ಆ ಹೆಸರನ್ನು ಈಗ ಬಾಯಿಬಿಟ್ಟು ಹೇಳಿ, ಅಲ್ಲಿಂದ ಶುರು ಮಾಡೋಣ. ಸ್ತೋತ್ರ ತಂದೆಯೇ...